ಅಕ್ಕ ನೆಟ್ಟಗೆ ನಡೆದ ದಿನ

ನನ್ನ ಅಕ್ಕ ರೊಟ್ಟಿ ಬಡಿದು ನನ್ನನ್ನು ಬಿ.ಎಡ್. ತನಕ ಓದಿಸಿದಳು. ಹೀಗೆ ಹೇಳಿದರೆ ವಿಜಯಪುರದಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ. ರೊಟ್ಟಿ ಮಾರಿ ಮನೆ ನಡೆಸಿದ ಹೆಂಗಸರು ಇಲ್ಲಿ ಓಣಿಗೆ ಇಬ್ಬರಾದರೂ ಸಿಗುತ್ತಾರೆ.

ಅಕ್ಕನನ್ನು ಘೋಣಸಗಿಗೆ ಕೊಟ್ಟಿದ್ದರು. ಮದುವೆಯಾಗಿ ಐದನೇ ವರ್ಷಕ್ಕೆ ಭಾವ ಟ್ರ್ಯಾಕ್ಟರ್ ಉರುಳಿ ತೀರಿಕೊಂಡ. ಮಕ್ಕಳಿರಲಿಲ್ಲ. ಹೊನವಾಡದಲ್ಲಿ ನಮ್ಮ ಅಪ್ಪ, ಅವ್ವ ಅಷ್ಟರಲ್ಲಿ ಒಬ್ಬರ ಹಿಂದೊಬ್ಬರು ಹೋಗಿ, ನಾನು ಚಿಕ್ಕಪ್ಪನ ಮನೆಯಲ್ಲಿದ್ದೆ. ಒಂದು ದಿನ ಅಕ್ಕ ಬಸ್ಸಿನಿಂದ ಇಳಿದು ಬಂದವಳು ನೀರೂ ಕುಡಿಯದೆ, "ಇಕಿ ಬಟ್ಟಿ ಕಟ್ಟಿ ಕೊಡ್ರಿ, ನಾ ಕರ್ಕೊಂಡ ಹೊಂಟೇನಿ" ಎಂದಳು. ನಾನಾಗ ಏಳನೇ ಇಯತ್ತೆಯಲ್ಲಿ ಓದುತ್ತಿದ್ದೆ. ರೈಲ್ವೆ ಸ್ಟೇಷನ್ನಿನ ಕಡೆಯ ಒಂದು ಓಣಿಯಲ್ಲಿ ಅಕ್ಕ ಒಂದೂವರೆ ಕೋಣೆ ಹಿಡಿದಿದ್ದಳು. ಆ ಅರ್ಧ ಕೋಣೆಯಲ್ಲಿ ಒಲೆ ಇತ್ತು.

ಮೊದಲು ಒಂದು ಖಾನಾವಳಿಗೆ ದಿನಕ್ಕೆ ನೂರು ರೊಟ್ಟಿ. ಆಮೇಲೆ ಎರಡು ಖಾನಾವಳಿ. ಆಮೇಲೆ ಮದುವೆ, ಸೀಮಂತ, ತೊಟ್ಟಿಲ ಕಾರ್ಯ. ನಾನು ಕಾಲೇಜು ಮುಗಿಸುವ ಹೊತ್ತಿಗೆ ಅಕ್ಕನ ಕೈಕೆಳಗೆ ಆರು ಮಂದಿ ಹೆಂಗಸರಿದ್ದರು, ಆರು ಹಂಚುಗಳಿದ್ದವು. ಖಡಕ್ ರೊಟ್ಟಿಯ ಬುಟ್ಟಿಗಳು ತಿಕೋಟಾ, ಬಬಲೇಶ್ವರದ ಬಸ್ಸುಗಳಲ್ಲಿ ಹೋಗುತ್ತಿದ್ದವು. ಕಂಡಕ್ಟರುಗಳು ಆ ಬುಟ್ಟಿಗಳನ್ನು ಗುರುತು ಹಿಡಿಯುತ್ತಿದ್ದರು.

ರೊಟ್ಟಿ ಬಡಿಯುವವಳು ಕೂರುವ ರೀತಿ ಒಂದಿದೆ. ಎಡಗಾಲು ಮಡಚಿ ಕೆಳಗೆ, ಬಲಗಾಲು ಮಂಡಿ ಎತ್ತಿ ಪಕ್ಕಕ್ಕೆ, ಮುಂದೆ ಹಲಗೆ, ಎಡಕ್ಕೆ ಒಲೆ. ಆ ಭಂಗಿಯಲ್ಲಿ ಅಕ್ಕ ಬೆಳಿಗ್ಗೆ ಐದರಿಂದ ಮಧ್ಯಾಹ್ನ ಎರಡರವರೆಗೆ ಕೂರುತ್ತಿದ್ದಳು. ಹಿಟ್ಟಿನ ಮುದ್ದೆ ಅವಳ ಅಂಗೈ ಕೆಳಗೆ ತಿರುಗುತ್ತಾ ತಿರುಗುತ್ತಾ ಹಲಗೆಯಷ್ಟಗಲವಾಗುವುದನ್ನು ನೋಡಿದವರು ಮಾತು ನಿಲ್ಲಿಸುತ್ತಿದ್ದರು. ನನಗೆ ಅದು ಬರಲಿಲ್ಲ. ನಾನು ಬಡಿದರೆ ಅಂಚು ಸೀಳುತ್ತಿತ್ತು. "ನೀ ಓದು ಹೋಗಬೇ, ಹಿಟ್ಟ ಹಾಳ ಮಾಡಬ್ಯಾಡ" ಎಂದು ಅಕ್ಕ ನನ್ನನ್ನು ಎಬ್ಬಿಸುತ್ತಿದ್ದಳು.

ಅವಳಿಗೆ ಮೂವತ್ತೆಂಟು ತುಂಬಿದ ವರ್ಷ ಎಡಗಾಲು ಎಳೆಯತೊಡಗಿತು. ಎಣ್ಣೆ ಹಚ್ಚಿದೆವು, ಬಿಸಿ ಇಟ್ಟಿಗೆಯ ಶಾಖ ಕೊಟ್ಟೆವು. ಕೊನೆಗೆ ಎಕ್ಸ್‌ರೇ ತೆಗೆಸಿದಾಗ, ತೊಡೆಯ ಮೂಳೆಯ ಮೇಲ್ತುದಿಯ ಗುಂಡಿನಾಕಾರದ ಭಾಗಕ್ಕೆ ರಕ್ತ ಹೋಗುವುದು ನಿಂತು ಅದು ಒಣಗಿ ಕುಸಿದಿದೆ ಎಂದರು. ಯಾಕೆ ಎಂದು ಕೇಳಿದ್ದಕ್ಕೆ, ಕೆಲವರಿಗೆ ಹಾಗಾಗುತ್ತದೆ ಎಂದರು. ಕೀಲು ಬದಲಿಸುವುದೊಂದೇ ದಾರಿ.

ವಿಜಯಪುರದಲ್ಲೇ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಅಲ್ಲಿನ ಎಲುಬಿನ ಡಾಕ್ಟರು ಒಳ್ಳೆಯ ಮಾತಿನವರು, ನಗುಮುಖದವರು. ಅಕ್ಕ ಅವರಿಗೆ ಕೇಳಿದ್ದು ಒಂದೇ ಪ್ರಶ್ನೆ.

"ನೆಲದ ಮ್ಯಾಲ ಕುಂಡ್ರಾಕ ಬರ್ತೈತೇನ್ರಿ ಸಾಹೇಬ್ರ?"

"ಸಾದಾದು ಹಾಕಿಸಿದ್ರ ಬರಂಗಿಲ್ರಿ. ಕುರ್ಚಿ ಮ್ಯಾಲ ಕುಂಡ್ರಬೇಕು" ಎಂದು ಅವರು ಮೇಜಿನ ಖಾನೆಯಿಂದ ಒಂದು ಮಾದರಿ ತೆಗೆದರು. ಹೊಳೆಯುವ ಗುಂಡು, ಹೊಳೆಯುವ ಬಟ್ಟಲು. "ಇದು ನೋಡ್ರಿ. ಹೊರದೇಶದ್ದು. ಗುಂಡೂ ಲೋಹದ್ದ, ಬಟ್ಟಲೂ ಲೋಹದ್ದ. ಗುಂಡು ದೊಡ್ಡದಿರ್ತೈತಿ, ಅದಕ್ಕ ಜಾರಂಗಿಲ್ಲ. ನೆಲಕ್ಕ ಕುಂಡ್ರಿ, ಕಾಲ ಮಡಚ್ರಿ, ಏನ ಬೇಕಾದ್ದ ಕೆಲಸ ಮಾಡ್ರಿ. ನಿಮ್ಮಂಗ ಸಣ್ಣ ವಯಸ್ಸಿನವರ ಸಲುವಾಗೇ ಮಾಡ್ಯಾರ."

ಅಕ್ಕ ಆ ಗುಂಡನ್ನು ಕೈಯಲ್ಲಿ ಹಿಡಿದು ಬಟ್ಟಲಿನಲ್ಲಿಟ್ಟು ತಿರುಗಿಸಿ ನೋಡಿದಳು. ಸಲೀಸಾಗಿ ತಿರುಗಿತು. "ಇದ ಹಾಕ್ರಿ" ಎಂದಳು. ಬೆಲೆ ಆಮೇಲೆ ಕೇಳಿದಳು. ಸಾದಾದಕ್ಕಿಂತ ಒಂದು ಲಕ್ಷದ ಮೇಲೆ ಜಾಸ್ತಿ.

ತಿಕೋಟಾ ರಸ್ತೆಯಲ್ಲಿ ಅಕ್ಕ ಒಂದು ಸೈಟು ತೆಗೆದುಕೊಂಡಿದ್ದಳು. ಅಲ್ಲಿ ಹೊಗೆ ಹೋಗಲು ಎತ್ತರದ ಚಿಮಣಿ ಹಾಕಿಸಿ, ಹನ್ನೆರಡು ಒಲೆಗಳ ರೊಟ್ಟಿ ಮನೆ ಕಟ್ಟಿಸಬೇಕು ಎನ್ನುವುದು ಅವಳ ಲೆಕ್ಕ. ಒಲೆಗಳು ಎಲ್ಲೆಲ್ಲಿ ಬರಬೇಕೆಂದು ಆ ಬಯಲಿನಲ್ಲಿ ಕಲ್ಲಿಟ್ಟು ನನಗೆ ತೋರಿಸಿದ್ದಳು ಕೂಡ. ಅದನ್ನು ಒಂದು ವಾರದಲ್ಲಿ ಮಾರಿದೆವು. ಅಕ್ಕನಿಗೆ ದುಃಖವೇನೂ ಆಗಲಿಲ್ಲ. "ಕುಂಡ್ರಾಕ ಬಂದ್ರ ಇಂಥಾವು ಎರಡ ತೊಗೊಂತೇನಿ" ಎಂದಳು. ನಾನೂ ನಂಬಿದೆ.

ಎರಡೂವರೆ ವರ್ಷ ಚೆನ್ನಾಗಿತ್ತು. ಇದನ್ನು ಹೇಳಲೇಬೇಕು. ಶಸ್ತ್ರಚಿಕಿತ್ಸೆಯಾದ ನಾಲ್ಕನೇ ತಿಂಗಳು ಅಕ್ಕ ಹಲಗೆಯ ಮುಂದೆ ಮೆಲ್ಲಗೆ ಕೂತಳು. ಆರು ಮಂದಿಯೂ ಕೈ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಹೆಂಗಸೊಬ್ಬಳು ಮೊದಲ ದಿನದಿಂದ ಅಕ್ಕನ ಜೊತೆಗಿದ್ದವಳು. ಅವಳು ಓಡಿ ಹೋಗಿ ಬೆಲ್ಲ ತಂದು ಎಲ್ಲರ ಬಾಯಿಗೆ ಹಾಕಿದಳು. ನನಗೆ ಆ ವರ್ಷವೇ ಸಾರವಾಡದ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ಆ ಎರಡೂವರೆ ವರ್ಷದ ಕೊನೆಯಲ್ಲಿ ಬಬಲೇಶ್ವರದ ಒಂದು ಮನೆಯವರು ನನ್ನನ್ನು ನೋಡಿಹೋದರು. ಹುಡುಗ ಗೊಬ್ಬರದ ಅಂಗಡಿ ಇಟ್ಟಿದ್ದ, ಮಾತು ಕಡಿಮೆ. ನನಗೆ ಒಪ್ಪಿಗೆಯಾಗಿತ್ತು.

ಒಂದು ದಿನ ಅಕ್ಕ ಹಲಗೆಯಿಂದ ಏಳುವಾಗ ಅವಳ ಸೊಂಟದಿಂದ ಕಿರ್ ಎಂದು ಸದ್ದು ಬಂತು. ಎಣ್ಣೆ ಕಾಣದ ಬಾಗಿಲಿನ ಸದ್ದಿನಂತೆ. ಹೆಂಗಸರೆಲ್ಲ ನಕ್ಕರು, ಅಕ್ಕನೂ ನಕ್ಕಳು. ತಿಂಗಳೊಳಗೆ ತೊಡೆಯ ಸಂದಿಯಲ್ಲಿ ನೋವು ಶುರುವಾಯಿತು.

ಮತ್ತೆ ಅದೇ ಡಾಕ್ಟರಿಗೆ ತೋರಿಸಿದೆವು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಎಲ್ಲಾ ಛಲೋ ಐತಿ. ಸಡಲಾಗಿಲ್ಲ, ಮುರದಿಲ್ಲ. ಸ್ನಾಯು ಹಿಡದಿರಬೇಕು" ಎಂದರು. ಗುಳಿಗೆ ಬರೆದರು. ಮೂರು ತಿಂಗಳ ಮೇಲೆ ಮತ್ತೆ ಹೋದಾಗ ಬೆನ್ನಿನ ತೊಂದರೆ ಇರಬಹುದು ಎಂದರು. ಸೊಲ್ಲಾಪುರಕ್ಕೆ ಹೋಗಿ ಬೆನ್ನಿನ ಸ್ಕ್ಯಾನಿಂಗ್ ಮಾಡಿಸಿದೆವು. ಅಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ವ್ಯಾಯಾಮ ಮಾಡಿಸುವವರು ವಾರಕ್ಕೆ ಮೂರು ದಿನ ಬಂದರು. ಹೀಗೆ ಎರಡು ವರ್ಷ ಹೋಯಿತು. ಎಕ್ಸ್‌ರೇ ಪ್ರತಿ ಸಲವೂ ಸ್ವಚ್ಛವಾಗಿರುತ್ತಿತ್ತು. ಅಕ್ಕ ಪ್ರತಿ ಸಲವೂ ಹೆಚ್ಚು ಕುಂಟುತ್ತಾ ಹೊರಗೆ ಬರುತ್ತಿದ್ದಳು.

"ಅವ್ವಾರ, ಮನಸ್ಸಿನಾಗ ಏನರ ಚಿಂತಿ ಇಟ್ಕೊಂಡೀರೇನು?" ಎಂದು ಒಂದು ಸಲ ಆ ಡಾಕ್ಟರು ಕೇಳಿದರು. ಗಂಡ ಇಲ್ಲದ ಹೆಂಗಸು ಎಂಬುದು ಅವರ ಮುಂದಿನ ಕಾಗದದಲ್ಲಿತ್ತು. ಅಕ್ಕ ಹೊರಗೆ ಬಂದ ಮೇಲೆ, "ನನ್ನ ಬ್ಯಾನಿ ಖರೇ ಅಲ್ಲೇನ ತಂಗಿ?" ಎಂದು ನನ್ನನ್ನು ಕೇಳಿದಳು. ನಾನು ಕೂಡಲೇ ಖರೇ ಎನ್ನಬೇಕಿತ್ತು. ಒಂದು ಗಳಿಗೆ ತಡಮಾಡಿದೆ. ಎಲ್ಲ ಎಕ್ಸ್‌ರೇಗಳನ್ನೂ ಹಿಡಿದುಕೊಂಡು ತಿರುಗಿದವಳು ನಾನೇ ಆಗಿದ್ದೆ. ನನಗೂ ಸಂಶಯ ಬಂದಿತ್ತು. ಅದನ್ನು ಅವಳು ನೋಡಿದಳು.

ಅಕ್ಕ ಕೂರಲಾರದ ದಿನ ರೊಟ್ಟಿ ಕಡಿಮೆಯಾಗುತ್ತಿತ್ತು. ಹೆಂಗಸರು ಬಡಿಯುತ್ತಿದ್ದರು, ಆದರೆ ಅಳತೆ ನೋಡುವವಳು, ಹಿಟ್ಟಿನ ಗಿರಣಿಗೆ ಹೋಗಿ ಜೋಳ ಆರಿಸುವವಳು, ಖಾನಾವಳಿಯವರ ಜೊತೆ ಜಗಳವಾಡುವವಳು ಅಕ್ಕ. ಒಂದು ಖಾನಾವಳಿಯವರು ಯಂತ್ರದ ರೊಟ್ಟಿ ತರಿಸತೊಡಗಿದರು. ಇನ್ನೊಬ್ಬರು ಬೇರೆ ಕಡೆ ಹೇಳಿದರು. ಒಂದು ದೊಡ್ಡ ಮದುವೆಯ ಮುಂಗಡವನ್ನು ಅಕ್ಕ ತಾನೇ ಹಿಂತಿರುಗಿಸಿದಳು. ಆರು ಮಂದಿಯಲ್ಲಿ ಮೂವರು ಉಳಿದರು.

ನನ್ನ ಕೆಲಸವೂ ಹಾಗೇ ಹೋಯಿತು. ಅತಿಥಿ ಶಿಕ್ಷಕರಿಗೆ ರಜೆ ಎನ್ನುವುದಿಲ್ಲ, ಹೋಗದ ದಿನಕ್ಕೆ ಸಂಬಳವಿಲ್ಲ. ಆಸ್ಪತ್ರೆಯ ದಿನಗಳು ಹೆಚ್ಚಾದಾಗ ಹೆಡ್ ಮಾಸ್ತರರು ನನ್ನನ್ನು ಕೋಣೆಗೆ ಕರೆದರು. ಒಳ್ಳೆಯ ಮನುಷ್ಯ. ನನ್ನ ಮುಖ ನೋಡದೆ ಮಾತಾಡಿದರು.

"ಟೀಚರ್, ನಿಮ್ಮ ತ್ರಾಸ ನನಗ ತಿಳಿತೈತಿ. ಆದ್ರ ಹತ್ತನೇ ಇಯತ್ತೆ ಮಕ್ಕಳು ಅದಾವ. ಪಾಲಕರು ಬಂದು ಕೇಳಾಕತ್ತಾರ."

"ಇನ್ನೊಂದ ತಿಂಗಳು ನೋಡ್ರಿ ಸರ್."

"ಹೋದ ತಿಂಗಳೂ ಇದನ್ನ ಹೇಳಿದ್ರಿ."

ಆ ಸಂಜೆ ಬಸ್ಸಿನಲ್ಲಿ ಬರುವಾಗ ನನಗೆ ಅಳು ಬರಲಿಲ್ಲ. ನಾಳೆಯಿಂದ ಬೆಳಿಗ್ಗೆ ಬೇಗ ಏಳಬೇಕಾಗಿಲ್ಲ ಎಂದು ಒಂದು ರೀತಿ ಹಗುರ ಎನಿಸಿತು. ನಾಚಿಕೆಯಾಗಿದ್ದು ಆಮೇಲೆ.

ಮುಂದೆ ಅಕ್ಕನಿಗೆ ಬೆರಳುಗಳು ಜುಮುಗುಡತೊಡಗಿದವು. ಕಿವಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುತ್ತದೆ ಎಂದಳು. ಹೆಂಗಸರು ಕರೆದರೆ ಒಂದೊಂದು ಸಲ ಕೇಳುತ್ತಿರಲಿಲ್ಲ. ಯಾರೋ ಹೇಳಿದರೆಂದು ಊರಿಗೆ ಹೊಸದಾಗಿ ಬಂದಿದ್ದ ಇನ್ನೊಬ್ಬ ಎಲುಬಿನ ಡಾಕ್ಟರಿಗೆ ತೋರಿಸಿದೆವು. ಸಣ್ಣ ವಯಸ್ಸಿನವರು. ಅವರು ಎಕ್ಸ್‌ರೇ ನೋಡುವ ಮೊದಲೇ ಕೇಳಿದರು: "ಒಳಗ ಹಾಕಿದ್ದು ಯಾವುದು? ಲೋಹಕ್ಕ ಲೋಹ ತಾಕೂದೇನು?"

ನಾನು ಹೌದೆಂದೆ. ಅವರು ರಕ್ತ ತೆಗೆಸಿ ಮುಂಬೈಗೆ ಕಳಿಸಿದರು. ಹತ್ತು ದಿನಕ್ಕೆ ವರದಿ ಬಂತು. ಗುಂಡು ಮತ್ತು ಬಟ್ಟಲು ಒಂದಕ್ಕೊಂದು ತಿಕ್ಕಿ, ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ, ಆ ಲೋಹ ಅಕ್ಕನ ರಕ್ತಕ್ಕೆ ಸೇರಿತ್ತು; ಬೆರಳಿನ, ಕಿವಿಯ ತೊಂದರೆಯೂ ಅದರಿಂದಲೇ. ಕೀಲಿನ ಸುತ್ತಲಿನ ಮಾಂಸ ಕೊಳೆಯುತ್ತಿತ್ತು. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಂತೆ.

ಇಷ್ಟನ್ನೂ ಕೇಳಿದ ಮೇಲೆ ಅಕ್ಕ ಹೆದರಲಿಲ್ಲ. "ಹಂಗಾರ ಇಷ್ಟ ದಿನಾ ನನಗ ಬ್ಯಾನಿ ಇದ್ದದ್ದು ಖರೇ ಆತಲ್ರಿ?" ಎಂದಳು.

"ಖರೇನ್ರಿ. ಬಾಳ ತ್ರಾಸ ತಡಕೊಂಡೀರಿ" ಎಂದರು ಆ ಡಾಕ್ಟರು. ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ನಾನು ತಲೆ ತಗ್ಗಿಸಿದೆ.

ಆ ನಮೂನೆಯ ಕೀಲನ್ನು ಕಂಪನಿಯವರು ಅಕ್ಕನಿಗೆ ಹಾಕಿದ ಮಾರನೇ ವರ್ಷವೇ ಮಾರುಕಟ್ಟೆಯಿಂದ ವಾಪಸು ತೆಗೆದಿದ್ದರು ಎಂದೂ ಅವರೇ ಹೇಳಿದರು. "ನಿಮಗ ಕಾಗದಾ ಬಂದಿಲ್ಲೇನು? ಫೋನರ?" ನಮಗೆ ಏನೂ ಬಂದಿರಲಿಲ್ಲ. ಮಾರನೇ ವರ್ಷವೆಂದರೆ ಅಕ್ಕ ನೆಲದ ಮೇಲೆ ಕೂತು ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುತ್ತಿದ್ದ ವರ್ಷ. ಆಗಲೇ ಯಾರೋ ಒಬ್ಬರು ಒಂದು ಮಾತು ಹೇಳಿದ್ದರೆ ಮಾಂಸವಾದರೂ ಉಳಿಯುತ್ತಿತ್ತು.

ತೆಗೆದು ಬೇರೆ ಹಾಕಬೇಕಿತ್ತು. ಎರಡನೇ ಸಲದ್ದು ಮೊದಲಿನದರ ಎರಡು ಪಟ್ಟಿಗಿಂತ ಹೆಚ್ಚು ಖರ್ಚು, ಯಾಕೆಂದರೆ ಮೂಳೆಯೂ ಸವೆದಿತ್ತು. ಅಂಥ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯಲ್ಲಿ ನಮ್ಮ ಸರ್ಕಾರಿ ಆರೋಗ್ಯ ಕಾರ್ಡು ನಡೆಯುತ್ತಿರಲಿಲ್ಲ. ಅಕ್ಕನ ಬಂಗಾರ ಹೋಯಿತು. ನನ್ನ ಮದುವೆಗೆಂದು ಅಂಚೆ ಕಚೇರಿಯಲ್ಲಿ ಇಟ್ಟಿದ್ದು ಹೋಯಿತು. ಬಬಲೇಶ್ವರದವರು ಎರಡು ವರ್ಷದ ಮೇಲೆ ಕಾದಿದ್ದರು. ಕೊನೆಗೆ ಆ ಹುಡುಗನೇ ಒಂದು ಮಧ್ಯಾಹ್ನ ಬಂದ. ಅಕ್ಕ ಮಲಗಿದ್ದಳು. ಬಾಗಿಲಲ್ಲೇ ನಿಂತು, "ನಮ್ಮ ಮನಿಯವರು ಬ್ಯಾರೆ ಕಡೆ ನೋಡಾಕತ್ತಾರ್ರಿ. ನಾನ ಬಂದು ಹೇಳೂದು ಛಲೋ ಅನಿಸ್ತು" ಎಂದ. "ಚಾ ಕುಡಿರಿ" ಎಂದೆ. ಕುಡಿದು ಹೋದ.

ಶಸ್ತ್ರಚಿಕಿತ್ಸೆಯ ಮುಂಚೆ ನಾನು ಆ ಸಣ್ಣ ವಯಸ್ಸಿನ ಡಾಕ್ಟರಿಗೆ ಒಂದು ಮಾತು ಕೇಳಿಕೊಂಡಿದ್ದೆ. ತೆಗೆದದ್ದನ್ನು ಎಸೆಯಬಾರದು, ನನಗೆ ಕೊಡಬೇಕು. ಇಂಥ ಕೀಲು ಹಾಕಿಸಿಕೊಂಡವರಿಗೆ ಕಂಪನಿಯಿಂದ ಪರಿಹಾರ ಕೊಡಿಸಲು ಸರ್ಕಾರ ಅರ್ಜಿ ಕರೆದಿದೆ, ಅದಕ್ಕೆ ಕೀಲಿನ ಮೇಲಿನ ನಂಬರು ಬೇಕು ಎಂದು ಅವರೇ ತಿಳಿಸಿದ್ದರು. ಮೊದಲ ಆಸ್ಪತ್ರೆಯ ಫೈಲು ನಮ್ಮ ಹತ್ತಿರ ಇರಲಿಲ್ಲ, ತಪಾಸಣೆಗೆ ಹೋದಾಗ ಅಲ್ಲೇ ಇಟ್ಟುಕೊಂಡಿದ್ದರು. ಆಪರೇಷನ್ನಿನ ಮಾರನೇ ದಿನ ಒಬ್ಬ ನರ್ಸು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಕೈಗಿಟ್ಟಳು. ಗುಂಡು ಈಗ ಹೊಳೆಯುತ್ತಿರಲಿಲ್ಲ. ಒಂದು ಕಡೆ ಬೂದು ಬಣ್ಣದ ಕಲೆ ಇತ್ತು, ಗೀರುಗಳಿದ್ದವು. ಕೆಳಗೆ ಸಣ್ಣ ಅಕ್ಷರಗಳಲ್ಲಿ ನಂಬರು ಇತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಒಳಗೆ ಅಕ್ಕ ನರಳುತ್ತಿದ್ದಳು, ಹೊರಗೆ ನಾನು ನಗುತ್ತಾ ನಿಂತಿದ್ದೆ.

ನಂಬರು ಸಾಕಾಗಲಿಲ್ಲ. ಅದನ್ನು ಇವಳಿಗೇ ಹಾಕಿದ್ದೆಂದು ಮೊದಲ ಆಸ್ಪತ್ರೆಯ ಪತ್ರ ಬೇಕು ಎಂದರು ಅರ್ಜಿ ತೆಗೆದುಕೊಳ್ಳುವ ಕಚೇರಿಯವರು. ಆರು ಸಲ ಅಲ್ಲಿಗೆ ಹೋದೆ. ಹಳೆಯ ಕಾಗದಗಳನ್ನೆಲ್ಲ ರದ್ದಿಗೆ ಹಾಕಿದ್ದೇವೆ ಎಂದು ಗುಮಾಸ್ತ ಪ್ರತಿ ಸಲ ಅದೇ ಮಾತು ಹೇಳಿದ. ಆರನೇ ಸಲ ನಾನು ಹೊರಡಲಿಲ್ಲ, ಬೆಂಚಿನ ಮೇಲೆ ಸಂಜೆಯವರೆಗೆ ಕೂತೆ. ಕೊನೆಗೆ ಆ ನಗುಮುಖದ ಡಾಕ್ಟರೇ ಹೊರಗೆ ಬಂದರು. ನನ್ನ ಗುರುತು ಹಿಡಿದರು. ಒಳಗೆ ಕರೆದು ಕೂರಿಸಿದರು.

"ನಿಮಗ ನನ್ನ ಮ್ಯಾಲ ಸಿಟ್ಟ ಇರ್ತೈತಿ" ಎಂದರು.

ನಾನು ಇಲ್ಲ ಎನ್ನಲಿಲ್ಲ.

"ಕಂಪನಿಯವರು ಬಂದು ಹೇಳಿದ್ದನ್ನ ನಂಬಿದೆ. ನಮ್ಮ ಅತ್ತಿಯವರಿಗೂ ಇದನ್ನ ಹಾಕೀನಿ" ಎಂದು ಕಾಗದ ತೆಗೆದುಕೊಂಡು ತಮ್ಮ ಕೈಯಾರೆ ಬರೆದು, ಸಹಿ ಮಾಡಿ, ಶಿಕ್ಕಾ ಒತ್ತಿ ಕೊಟ್ಟರು. ಅವರ ಅತ್ತೆಯವರು ಹೇಗಿದ್ದಾರೆ ಎಂದು ಕೇಳಬೇಕೆನಿಸಿತು. ಪತ್ರ ಮಡಚಿಕೊಂಡು ಎದ್ದೆ.

ಅರ್ಜಿ ಹೋಗಿ ಒಂದೂವರೆ ವರ್ಷಕ್ಕೆ ಕರೆ ಬಂತು. ಬೆಂಗಳೂರಿನಲ್ಲಿ ವೈದ್ಯರ ಒಂದು ಮಂಡಳಿ ಅಕ್ಕನನ್ನು ಪರೀಕ್ಷಿಸಿ, ಅವಳ ಅಂಗವಿಕಲತೆ ಎಷ್ಟು ಎಂದು ಬರೆದುಕೊಡಬೇಕು. ಆ ಅಳತೆಯ ಮೇಲೆ ಪರಿಹಾರ. ಅಷ್ಟರಲ್ಲಿ ಅಕ್ಕನ ಎಡಗಾಲು ಒಂದಿಂಚು ಗಿಡ್ಡವಾಗಿತ್ತು, ಚಪ್ಪಲಿಯ ಅಡಿಗೆ ಚಮ್ಮಾರನಿಂದ ದಪ್ಪ ಅಟ್ಟೆ ಹಾಕಿಸಿದ್ದೆವು. ಬಲಗೈಯಲ್ಲಿ ಕೋಲು. ಸ್ನಾನಕ್ಕೆ ನಾನು ಕೂರಿಸಬೇಕು, ಏಳಿಸಬೇಕು. ಎರಡನೇ ಆಪರೇಷನ್ ಆದ ಮೇಲೆ ಅವಳು ಹಲಗೆಯ ಮುಂದೆ ಕೂತೇ ಇರಲಿಲ್ಲ. ರಕ್ತದಲ್ಲಿನ ಲೋಹ ಇಳಿದಿತ್ತು, ಆದರೆ ಕಿವಿ ಹೋದದ್ದು ಹೋದಂತೆಯೇ. ಇದೆಲ್ಲ ನೋಡಿದವರಿಗೆ ಕಾಣುತ್ತಿತ್ತು, ಮಂಡಳಿಯವರಿಗೆ ಕಾಣದೆ ಹೋಗುವುದೇ ಎಂದು ನಾನು ಧೈರ್ಯವಾಗಿದ್ದೆ.

ಅಕ್ಕ ತನ್ನಲ್ಲಿದ್ದ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಾಗ ನಾನು ಅವಳ ಕಿವಿಯ ಹತ್ತಿರ ಬಾಯಿಟ್ಟು, "ಅಕ್ಕಾ, ಹ್ಯಾಂಗ ಮನ್ಯಾಗ ನಡೀತಿಯೋ ಹಂಗ ನಡಿ. ಬಿಗಿ ಹಿಡೀಬ್ಯಾಡ" ಎಂದೆ. ಅವಳು ತಲೆಯಾಡಿಸಿದಳು. ಕರೆದಾಗ ಎದ್ದು, ಕೋಲನ್ನು ನನ್ನ ಕೈಗೆ ಕೊಟ್ಟು, ಒಳಗೆ ನಡೆದಳು.

ನೆಟ್ಟಗೆ ನಡೆದಳು. ಐದು ವರ್ಷದಲ್ಲಿ ನಾನು ಅವಳನ್ನು ಹಾಗೆ ನೋಡಿರಲಿಲ್ಲ. ಹಲ್ಲು ಕಚ್ಚಿ, ಕುತ್ತಿಗೆ ಎತ್ತಿ, ಬಾಗಿಲಿನಿಂದ ಮೇಜಿನವರೆಗೆ. ಮೇಜಿನ ಹಿಂದೆ ನಾಲ್ಕು ಮಂದಿ ಡಾಕ್ಟರುಗಳಿದ್ದರು. ಮಲಗಿಸಿ ಕಾಲನ್ನು ಎತ್ತಿ, ತಿರುಗಿಸಿ, ಕೋನ ಅಳೆದರು. ಅವಳ ಬಾಯಿಂದ ಒಂದು ಸದ್ದೂ ಬರಲಿಲ್ಲ. ಆಮೇಲೆ ಒಬ್ಬರು ಜೋರಾಗಿ ಕೇಳತೊಡಗಿದರು.

"ನೀವೇ ಸ್ನಾನ ಮಾಡ್ಕೊತೀರಾ?"

"ಮಾಡ್ಕೋತೇನ್ರಿ."

"ಅಡುಗೆ?"

"ಮಾಡ್ತೇನ್ರಿ."

"ಮೆಟ್ಟಿಲು ಹತ್ತೋಕಾಗುತ್ತಾ?"

"ಹತ್ತತೇನ್ರಿ."

ನಾನು ತಡೆಯಲಾರದೆ, "ಇಲ್ರಿ ಸರ್, ಹಂಗಲ್ಲ. ನಾನ ಎಬ್ಬಸಬೇಕ್ರಿ ಇಕಿನ್ನ" ಎಂದೆ.

"ಅವ್ರೇ ಹೇಳ್ಲಿ, ನೀವು ಸ್ವಲ್ಪ ಸುಮ್ನಿರಿ" ಎಂದರು ಅವರು. ಮತ್ತೆ ಅಕ್ಕನಿಗೆ, "ಏನ್ ಕೆಲ್ಸ ಮಾಡ್ತೀರಾ?"

"ರೊಟ್ಟಿ ಮಾಡ್ತೇನ್ರಿ" ಎಂದಳು ಅಕ್ಕ.

ಅವರು ಬರೆದುಕೊಂಡರು.

ಹೊರಗೆ ಬಂದು ಬಾಗಿಲು ಮುಚ್ಚಿದ ಕೂಡಲೇ ಅಕ್ಕ ಗೋಡೆಗೆ ಒರಗಿದಳು. ಮುಖವೆಲ್ಲ ಬೆವರು. ನಾನು ಅವಳನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ಕೂರಿಸಿ, ಅಲ್ಲಿದ್ದವರೆಲ್ಲ ನೋಡುವ ಹಾಗೆ ಕೂಗಾಡಿದೆ. "ಯಾಕ ಹಂಗ ಮಾಡಿದಿ? ಯಾರಿಗಿ ತೋರ್ಸಾಕ? ನನ್ನ ನೌಕರಿ ಹೋತು, ನಿನ್ನ ಸೈಟ ಹೋತು, ಎಲ್ಲಾ ಹೋತು, ಈಗ ಒಂದ ಮಾತ ಖರೇ ಹೇಳಾಕ ನಿನಗೇನಾಗಿತ್ತು?" ಅವಳಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ನನ್ನ ಬಾಯಿಯನ್ನೇ ನೋಡುತ್ತಾ ಕೂತಿದ್ದಳು.

ವಿಜಯಪುರಕ್ಕೆ ಬಂದ ಮೇಲೆ ನಾಲ್ಕು ದಿನ ನಾವು ಮಾತಾಡಲಿಲ್ಲ. ಐದನೇ ದಿನ ಅವಳ ಬೆನ್ನು ಉಜ್ಜುತ್ತಿದ್ದಾಗ, ನನಗೆ ಮುಖ ಕಾಣದಂತೆ ಕೂತೇ ಹೇಳಿದಳು.

"ಎಷ್ಟ ವರ್ಷ ಹೇಳಿದೆ ತಂಗಿ, ಬ್ಯಾನಿ ಐತಿ, ಬ್ಯಾನಿ ಐತಿ ಅಂತ. ಯಾರೂ ನಂಬಲಿಲ್ಲ. ನೀನೂ ನಂಬಲಿಲ್ಲ. ಈಗ ಅವರ ಮುಂದ ಕುಂಟಿದ್ರ, ಇಕಿ ರೊಕ್ಕಕ್ಕ ನಾಟಕ ಮಾಡಾಕತ್ತಾಳ ಅಂತಿದ್ರು. ನನಗ ಅದು ಆಗಲಿಲ್ಲ."

ನಾನು ನೀರು ಹಾಕಿದೆ. 

ಪತ್ರ ಬಂತು. ಅಂಗವಿಕಲತೆ ಪರಿಹಾರಕ್ಕೆ ಬೇಕಾದ ಮಟ್ಟಕ್ಕಿಂತ ಕಡಿಮೆ ಎಂದು ಎರಡು ಸಾಲು. ಒಬ್ಬ ವಕೀಲರಿಗೆ ತೋರಿಸಿದೆ. ಮೇಲ್ಮನವಿ ಹಾಕಬಹುದು, ಆದರೆ ಮತ್ತೆ ಪರೀಕ್ಷೆಗೆ ಹೋಗಬೇಕು, ವರ್ಷಗಟ್ಟಲೆ ಆಗುತ್ತದೆ, ಮೊದಲ ವರದಿಯಲ್ಲಿ ಆಕೆಯೇ ಹೇಳಿದ ಮಾತುಗಳಿವೆಯಲ್ಲ ಎಂದರು. ಅಕ್ಕ ಬೇಡವೆಂದಳು. ನಾನೂ ಒತ್ತಾಯ ಮಾಡಲಿಲ್ಲ. ಗುಂಡಿದ್ದ ಡಬ್ಬಿಯನ್ನು ಅರ್ಜಿಯ ಜೊತೆ ಕೊಟ್ಟಿದ್ದೆವು, ಅದು ತಿರುಗಿ ಬರಲೇ ಇಲ್ಲ.

ಅಕ್ಕ ಹಂಚುಗಳನ್ನು ಮಾರಿದಳು. ಕೊಂಡವಳು ಮೊದಲ ದಿನದಿಂದ ಜೊತೆಗಿದ್ದ ಆ ಹಿರಿಯ ಹೆಂಗಸು. ಅವಳು ತನ್ನ ಸೊಸೆಯೊಂದಿಗೆ ಬೇರೆ ಓಣಿಯಲ್ಲಿ ರೊಟ್ಟಿ ಶುರು ಮಾಡಿದ್ದಳು. ಹಣ ಕೊಡುವಾಗ ಅವಳ ಕಣ್ಣಲ್ಲಿ ನೀರಿತ್ತು. "ಅಕ್ಕಾರ, ನೀವು ಬಂದು ಕುರ್ಚಿ ಮ್ಯಾಲ ಕುಂಡ್ರಿ. ರೊಟ್ಟಿ ಎಣಿಸಿ ಕಟ್ಟಿ ಇಟ್ರ ಸಾಕು. ಪಗಾರ ಕೊಡ್ತೇನಿ" ಎಂದಳು. ಪಗಾರ ಎಂಬ ಮಾತನ್ನು ಅಕ್ಕನಿಗೆ ಹೇಳಿದ್ದಕ್ಕೆ ಅವಳಿಗೇ ಮುಜುಗರವಾಯಿತು. ಅಕ್ಕ ಹೋದಳು. ಹನ್ನೊಂದು ದಿನ ಹೋದಳು. ಬಡಿಯುವ ಸದ್ದು ಅವಳಿಗೆ ಅಷ್ಟಾಗಿ ಕೇಳುತ್ತಿರಲಿಲ್ಲ, ಆದರೆ ಕಣ್ಣಿಗೆ ಎಲ್ಲವೂ ಕಾಣುತ್ತಿತ್ತಲ್ಲ. ಹಿಟ್ಟು ಸರಿಯಾಗಿ ನಾದಿಲ್ಲ ಎಂದು ಆ ಸೊಸೆಗೆ ಹೇಳಿದಳಂತೆ, ಅವಳು ಏನೋ ಎದುರು ಮಾತಾಡಿದಳಂತೆ. ಹನ್ನೆರಡನೇ ದಿನ ಅಕ್ಕ, "ಕುಂತ ಕುಂತ ಟೊಂಕ ನೋಯ್ತೈತಿ" ಎಂದು ಮನೆಯಲ್ಲೇ ಉಳಿದಳು. ಆ ಹಿರಿಯ ಹೆಂಗಸು ಅಮಾವಾಸ್ಯೆಗೊಮ್ಮೆ ಹತ್ತು ರೊಟ್ಟಿ ಕಳಿಸುತ್ತಾಳೆ.

ನಾನೀಗ ಬಬಲೇಶ್ವರದ ಒಂದು ಖಾಸಗಿ ಶಾಲೆಗೆ ಹೋಗುತ್ತೇನೆ. ಸಂಬಳ ಸಾರವಾಡದಲ್ಲಿ ಸಿಗುತ್ತಿದ್ದುದಕ್ಕಿಂತ ಕಡಿಮೆ. ಬಾಡಿಗೆ, ಗುಳಿಗೆ, ಬಸ್ಸು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ನನ್ನನ್ನು ನೋಡಿಹೋಗಿದ್ದ ಹುಡುಗನ ಗೊಬ್ಬರದ ಅಂಗಡಿ ಬಸ್ ನಿಲ್ದಾಣದ ದಾರಿಯಲ್ಲೇ ಇದೆ. ಆತನಿಗೆ ಎರಡು ಮಕ್ಕಳು. ಕಂಡರೆ ನಮಸ್ಕಾರ ಎನ್ನುತ್ತಾನೆ, ಅಕ್ಕನನ್ನು ವಿಚಾರಿಸುತ್ತಾನೆ.

ಹೋದ ವರ್ಷ ಅಕ್ಕನ ಬಲಗಾಲು ನೋಯತೊಡಗಿತು. ಸಣ್ಣ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಆ ಕಡೆಯ ಗುಂಡೂ ಒಣಗುತ್ತಿದೆ, ಇಷ್ಟು ವರ್ಷ ಮೈಭಾರವೆಲ್ಲ ಅದರ ಮೇಲೇ ಬಿದ್ದಿದೆ ಎಂದರು. ಅವರು ಹೇಳಿದ್ದನ್ನು ನಾನು ಅಕ್ಕನ ಕಿವಿಯಲ್ಲಿ ಜೋರಾಗಿ ಹೇಳಬೇಕಾಯಿತು. ಹೊರಗೆ ಕೂತವರಿಗೆಲ್ಲ ಕೇಳಿಸಿರಬೇಕು.

"ಈಗ ಬಂದ ಕೀಲು ಛಲೋ ಅದಾವ್ರಿ. ಲೋಹಕ್ಕ ಲೋಹ ತಾಕಂಗಿಲ್ಲ. ಆ ತೊಂದ್ರಿ ಇವಕ್ಕಿಲ್ಲ" ಎಂದರು ಅವರು. ಒಳ್ಳೆಯವರು, ಸುಳ್ಳು ಹೇಳುವವರಲ್ಲ.

ನಾನು ಅದನ್ನೂ ಕೂಗಿ ಹೇಳಿದೆ. ಅಕ್ಕ ಡಾಕ್ಟರ ಕಡೆ ತಿರುಗಿದಳು.

"ಏನೂ ಮಾಡಸಲಿಲ್ಲಂದ್ರ ಎಷ್ಟ ದಿನಾ ನಡೀತೈತ್ರಿ?"

"ಒಂದ ಎರಡ ವರ್ಷ. ಆಮ್ಯಾಲ ನಡಿಯೂದು ಕಠಿಣ ಆಕ್ಕೈತಿ."

ಅದನ್ನೂ ಅವಳ ಕಿವಿಗೆ ಮುಟ್ಟಿಸಿದೆ. "ಸಾಕ್ರಿ" ಎಂದಳು ಅಕ್ಕ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಏನಾದರೂ ಹೇಳುತ್ತೇನೆಂದು ಕಾದರು. ಹಣ ಎಲ್ಲಿಂದ ಎಂದು ನಾನು ಯೋಚಿಸುತ್ತಿದ್ದೆ ಎಂದರೆ ಅದು ಅರ್ಧ ಮಾತ್ರ ಸತ್ಯ. ಹಣ ಹೇಗೋ ಹುಟ್ಟಿಸಬಹುದಿತ್ತು. ಇದು ಒಳ್ಳೆಯದು, ಇದನ್ನು ಹಾಕಿಸಿಕೋ ಎಂದು ಅಕ್ಕನಿಗೆ ಇನ್ನೊಂದು ಸಲ ಹೇಳುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

ನೋವಿನ ಗುಳಿಗೆ ಬರೆಸಿಕೊಂಡು ಆಟೋದಲ್ಲಿ ಮನೆಗೆ ಬಂದೆವು. ಡಾಕ್ಟರು ಹೇಳಿದ ಒಂದೆರಡು ವರ್ಷದಲ್ಲಿ ಈಗ ಒಂದು ವರ್ಷ ಕಳೆದಿದೆ. ಅಕ್ಕ ಬಚ್ಚಲಿಗೆ ಹೋಗುವಾಗ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿಯುತ್ತಾಳೆ. ನಾನು ಶಾಲೆಗೆ ಹೊರಡುವ ಮುಂಚೆ ನೀರಿನ ಬಿಂದಿಗೆ, ಗುಳಿಗೆ, ಊಟದ ತಾಟು ಎಲ್ಲವನ್ನೂ ಅವಳ ಕುರ್ಚಿಗೆ ಕೈ ಎಟುಕುವಷ್ಟು ಹತ್ತಿರ ಇಟ್ಟು ಹೋಗುತ್ತೇನೆ.